ಭಂಗಾರದ ಗಾಡಿಯಲ್ಲಿ ಬಂಗಾರದ ದನಿ

ಅಟ್ಟದ ಮೇಲಿನ ಹಳೇ ಆಂಪ್ಲಿಫಾಯರ್ ತೂಕಕ್ಕೆ ಹಾಕುವ ಮುನ್ನ ಒಂದು ಮಾತು

ಚಿಕ್ಕೋಡಿ: ಬೆಳಗಿನ ಚಹಾ ಮುಗಿದು ಅಂಗಡಿಯ ಶಟರ್ ಮೇಲೇರುವ ಹೊತ್ತಿಗೆ ಓಣಿಯಲ್ಲಿ ಕೂಗು ಕೇಳುತ್ತದೆ. ಹಳೇ ಕಬ್ಬಿಣ, ಪೇಪರ್, ಬಾಟ್ಲಿ, ಭಂಗಾರ! ಬೆಂಗಳೂರು ಕಡೆಯವರು ಇದಕ್ಕೆ ಗುಜರಿ ಎನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನಕ್ಕೆ ಮಾತ್ರ ಇದು ಮರಾಠಿಯಿಂದ ಬಂದ ಭಂಗಾರ. ಭಂಗಾರಕ್ಕೂ ಬಂಗಾರಕ್ಕೂ ಬಾಯಲ್ಲಿ ಇರುವ ಅಂತರ ಒಂದೇ ಅಕ್ಷರದ್ದು. ಬೆಲೆಯಲ್ಲಿರುವ ಅಂತರ ಎಷ್ಟೆಂಬುದು ಅಟ್ಟದ ಮೇಲೆ ಹಳೇ ಆಂಪ್ಲಿಫಾಯರ್ ಇಟ್ಟುಕೊಂಡವರಿಗೆ ಗೊತ್ತಿದ್ದಂತಿಲ್ಲ.

ಈ ಐದೂ ಊರುಗಳ ಪೇಟೆಯಲ್ಲಿ ಇಂಥ ಮಾತುಕತೆ ಯಾವತ್ತಾದರೂ ಕಿವಿಗೆ ಬೀಳುವಂಥದ್ದೇ.

"ಇದಕ್ಕ ಎಷ್ಟ ಕೊಡ್ತೀಯೋ ತಮ್ಮಾ? ನಮ್ಮಪ್ಪನ ಕಾಲದ್ದು."

"ಇದರಾಗ ಏನೈತ್ರಿ ಸಾವ್ಕಾರ್ರ, ಬರೇ ಪತ್ರಾ. ಕಬ್ಬಿಣ ಕಬ್ಬಿಣದ ರೇಟಿಗೆ, ತಾಮ್ರ ತಾಮ್ರದ ರೇಟಿಗೆ."

"ನಡೀತೈತೋ ಏನೋ, ನೋಡೇ ಇಲ್ಲ."

"ನಡದರ ಏನ ಮಾಡ್ತೀರಿ? ಎಲ್ಲಾ ಮೊಬೈಲಿನ್ಯಾಗ ಬರ್ತೈತಲ್ರಿ!"

ಅಲ್ಲಿಗೆ ವ್ಯವಹಾರ ಮುಗಿಯಿತು. ತಕ್ಕಡಿಗೆ ಬಿದ್ದ ಪೆಟ್ಟಿಗೆ ಸಂಜೆಯೊಳಗೆ ಸುತ್ತಿಗೆಯ ಏಟಿಗೆ ಬಿಚ್ಚಿಕೊಳ್ಳುತ್ತದೆ. ಗಾಜಿನ ವಾಲ್ವ್‌ಗಳು ಒಡೆಯುತ್ತವೆ. ಟ್ರಾನ್ಸ್‌ಫಾರ್ಮರಿನ ಹೊಟ್ಟೆ ಸೀಳಿ ತಾಮ್ರದ ತಂತಿ ಎಳೆಯುತ್ತಾರೆ. ಸಾವ್ಕಾರರಿಗೆ ಬಂದದ್ದು ಒಂದೆರಡು ದಿನದ ಚಹಾದ ಖರ್ಚು. ಹೋದದ್ದು ಏನು?

ಪೆಟ್ಟಿಗೆಗಳು ಬಂದದ್ದು ಎಲ್ಲಿಂದ?

ಈ ಭಾಗದಲ್ಲಿ ಹಳೇ ಮಶೀನುಗಳು ಇರುವುದಕ್ಕೆ ಕಾರಣ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಚಿಂಚಲಿಯ ಮಾಯಕ್ಕನ ಜಾತ್ರೆ, ಯಡೂರಿನ ವೀರಭದ್ರನ ಜಾತ್ರೆ, ಮಂಗಸೂಳಿಯ ಖಂಡೋಬಾನ ಜಾತ್ರೆ. ಜಾತ್ರೆ ಎಂದ ಮೇಲೆ ನಾಟಕ ಕಂಪನಿಯ ತಂಬು, ಶ್ರೀಕೃಷ್ಣ ಪಾರಿಜಾತದ ಆಟ, ಭಜನಿ ಮೇಳ. ಇವಕ್ಕೆಲ್ಲ ಮೈಕ್ ಸೆಟ್ ಬೇಕೇ ಬೇಕು. ಮರಕ್ಕೆ ಕಟ್ಟಿದ ಭೋಂಗಾ, ಕೆಳಗೆ ಮೇಜಿನ ಮೇಲೆ ಬಿಸಿಯಾಗಿ ಗುಂಯ್ ಎನ್ನುವ ಆಂಪ್ಲಿಫಾಯರ್. 1940ರಲ್ಲಿ ಆರಂಭವಾದ ಅಹುಜಾ ಕಂಪನಿಯ ಹೆಸರು ಹಳ್ಳಿಗಳಲ್ಲಿ ಮೈಕಿಗೇ ಇನ್ನೊಂದು ಹೆಸರಾಗಿತ್ತು.

ಇನ್ನು ಸಿನಿಮಾ. ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನಾ' ಚಿತ್ರೀಕರಣವಾದದ್ದು ಬೆಂಗಳೂರಿನಲ್ಲಲ್ಲ, ನಿಪ್ಪಾಣಿಯಿಂದ ಬಸ್ಸು ಹತ್ತಿದರೆ ಸಿಗುವ ಕೊಲ್ಲಾಪುರದಲ್ಲಿ! ಚಿತ್ರ ಮಾತಾಡತೊಡಗಿದ ಮೇಲೆ ಪ್ರತಿ ಟಾಕೀಜಿಗೂ ಆಂಪ್ಲಿಫಾಯರ್ ಬೇಕಾಯಿತು. ಪ್ರೊಜೆಕ್ಟರಿನ ಪಕ್ಕದಲ್ಲಿ ಆರ್‌ಸಿಎ ಫೋಟೋಫೋನ್, ವೆಸ್ಟ್ರೆಕ್ಸ್ ಹೆಸರಿನ ಕಪಾಟುಗಳು ದೇಶದ ಎಷ್ಟೋ ಟಾಕೀಜುಗಳಲ್ಲಿ ನಿಂತಿದ್ದವು.

ಮನೆಯ ಮಾತಿಗೆ ಬಂದರೆ ರೇಡಿಯೋ. ಆಕಾಶವಾಣಿಯ ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಶುರುವಾಯಿತು. ಸಾಂಗ್ಲಿ ಕೇಂದ್ರ ಬಂದದ್ದು 1963ರಲ್ಲಿ. ಗಡಿಯ ಜನಕ್ಕೆ ಒಂದು ಕಿವಿಗೆ ಕನ್ನಡ, ಇನ್ನೊಂದು ಕಿವಿಗೆ ಮರಾಠಿ. ವಾರಕ್ಕೊಮ್ಮೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ. ತಂಬಾಕು ಪೇಟೆಯ ಅಡತಿ ಅಂಗಡಿಯಲ್ಲಿ, ಸಕ್ಕರೆ ಕಾರ್ಖಾನೆಯ ಊರುಗಳ ದೊಡ್ಡ ಮನೆಗಳಲ್ಲಿ ಮರ್ಫಿ, ಫಿಲಿಪ್ಸ್, ಬುಷ್ ಕುಳಿತಿದ್ದವು. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷಾ ಲೈಸೆನ್ಸು ಬೇರೆ. 1970, 80ರ ದಶಕದಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡುವವರು ಕಾಸ್ಮಿಕ್, ಸೋನೋಡೈನ್ ಸ್ಟೀರಿಯೋ ತಂದರು. ಪರದೇಶದಿಂದ ಬರುವವರ ಕೈಯಲ್ಲಿ ಸಾನ್ಸುಯಿಯೋ ಮರಾಂಟ್ಜೋ ತರಿಸಿದವರು ಎಲ್ಲೋ ಒಬ್ಬರು. ಆಗಿನ ಆಮದು ಸುಂಕ ಅಷ್ಟು ಜಬರದಸ್ತಾಗಿತ್ತು.

ಜಾಲಹಳ್ಳಿಯ ಗಾಜು

ಹಳೇ ಮಶೀನಿನ ಮುಚ್ಚಳ ತೆಗೆದವರು ಗಾಜಿನ ವಾಲ್ವಿನ ಮೇಲೆ ಸಣ್ಣ ಅಕ್ಷರದಲ್ಲಿ 'ಬಿಇಎಲ್' ಎಂದು ಬರೆದದ್ದನ್ನು ಕಂಡಿರಬಹುದು. ಇದು ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಸ್ಥಾಪನೆಯಾದ ಈ ಸರಕಾರಿ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸಲು ತೊಡಗಿತು. ಸೈನ್ಯದ ಸಾಮಾನು ಮಾಡುವ ಕಾರ್ಖಾನೆಯ ಗಾಜು ಮನೆ ಮನೆಯ ರೇಡಿಯೋದಲ್ಲೂ ಬೆಳಗಿತು.

ಆ ವಾಲ್ವ್ ತಯಾರಿ ನಿಂತು ದಶಕಗಳೇ ಕಳೆದವು. ಇವತ್ತು ಬಿಇಎಲ್ ಹೆಸರಿನ ಇಎಲ್ 84, ಇಸಿಸಿ 83 ವಾಲ್ವ್‌ಗಳನ್ನು ಪರದೇಶದ ಆಸಕ್ತರು ಹುಡುಕಿ ಕೊಳ್ಳುತ್ತಾರೆ. ಡಬ್ಬಿ ಒಡೆಯದ ಹೊಸ ಮಾಲಾದರೆ ಕೇಳುವುದೇ ಬೇಡ. ಹೊಸದಾಗಿ ವಾಲ್ವ್ ಮಾಡುವ ಕಾರ್ಖಾನೆಗಳು ಈಗ ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಕರ್ನಾಟಕದಲ್ಲಿ ತಯಾರಾಗಿ ಕರ್ನಾಟಕದ ಅಟ್ಟದ ಮೇಲೇ ಮಲಗಿರುವ ಸಾಮಾನು ಭಂಗಾರದವನ ಚೀಲದಲ್ಲಿ ಪುಡಿಯಾಗುತ್ತಿದೆ ಎಂದರೆ ಯಾರಿಗೆ ಏನನ್ನಬೇಕು?

ಅಥಣಿಯವರಿಗೆ ಇದು ಹೊಸ ಕಥೆಯಲ್ಲ. ಚಪ್ಪಲಿ ಹೊಲಿದವರು ಇಲ್ಲಿಯವರು, ಹೆಸರು ಹೋದದ್ದು ಕೊಲ್ಲಾಪುರಕ್ಕೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಪಾಲುದಾರ ಎಂದು ಕಾಗದದ ಮೇಲೆ ಬಂತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿ ಮೆರವಣಿಗೆ ಮಾಡಿಸಿದ ಮೇಲೆ ಊರವರೂ ಕಾಲು ನೋಡಿಕೊಂಡರು. ಆಂಪ್ಲಿಫಾಯರ್ ವಿಷಯದಲ್ಲೂ ಯಾರೋ ಹೊರಗಿನವರು ಬೆಲೆ ಹೇಳುವತನಕ ಕಾಯಬೇಕೇ?

ಬೇರೆ ದೇಶದಲ್ಲಿ ಏನಾಯಿತು?

ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವ್ ಸತ್ತಿತು ಎಂದು ಎಲ್ಲ ಕಡೆ ತಿಳಿದಿದ್ದರು. ಅಮೆರಿಕದ ಸಿನಿಮಾ ಮಂದಿರಗಳು ತಮ್ಮ ವೆಸ್ಟರ್ನ್ ಎಲೆಕ್ಟ್ರಿಕ್ ಆಂಪ್ಲಿಫಾಯರುಗಳನ್ನು ಕಿತ್ತು ಹೊರಗೆ ಹಾಕಿದವು. ಜಪಾನಿನ ಆಸಕ್ತರು ಅವನ್ನು ಕೊಂಡು ಹಡಗಿಗೆ ಹಾಕಿದರು. ಇವತ್ತು ಅವು ಜಗತ್ತಿನ ಅತಿ ದುಬಾರಿ ಹಳೇ ಮಶೀನುಗಳ ಸಾಲಿನಲ್ಲಿವೆ. ಅವುಗಳಲ್ಲಿ ಕೆಲವಕ್ಕೆ ಹಾಕುತ್ತಿದ್ದ, 1938ರಲ್ಲಿ ಬಂದ 300ಬಿ ಎಂಬ ವಾಲ್ವನ್ನು ಈಗಲೂ ಹೊಸದಾಗಿ ತಯಾರಿಸುತ್ತಾರೆ.

ಬ್ರಿಟನ್ನಿನ ವಿಲಿಯಮ್ಸನ್ 1947ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಒಂದು ಆಂಪ್ಲಿಫಾಯರಿನ ನಕ್ಷೆ ಕೊಟ್ಟ. ಕೆಟಿ 66 ಎಂಬ ಎರಡು ವಾಲ್ವ್, 15 ವಾಟ್ ಶಕ್ತಿ, ಅಷ್ಟೇ. ಅದನ್ನು ನೋಡಿ ಸಾವಿರಾರು ಜನ ಮನೆಯಲ್ಲೇ ಕೂತು ಕಟ್ಟಿದರು. 1953ರ ಕ್ವಾಡ್ 2 ಕೂಡ 15 ವಾಟಿನದೇ. 1961ರಲ್ಲಿ ಬಂದ ಅಮೆರಿಕದ ಮ್ಯಾಕಿಂಟಾಷ್ ಎಂಸಿ 275 ಎಷ್ಟು ಬೇಡಿಕೆಯದ್ದೆಂದರೆ ದಶಕಗಳ ನಂತರ ಕಂಪನಿಯೇ ಅದೇ ಹೆಸರಿನಲ್ಲಿ ಮತ್ತೆ ತಯಾರಿಸಬೇಕಾಯಿತು. 15 ವಾಟ್ ಎಂದರೆ ಇಂದಿನ ಡಿಜೆ ಹುಡುಗರು ನಕ್ಕಾರು. ಮನೆಯ ಪಡಸಾಲೆಯಲ್ಲಿ ಕೂತು ಹಾಡು ಕೇಳುವವನಿಗೆ ಅದೇ ಧಾರಾಳ.

ಒಂದು ಮಾತು ಸ್ಪಷ್ಟವಿರಲಿ. ಜಾತ್ರೆಯ ಮೈಕ್ ಸೆಟ್ಟೂ ಕ್ವಾಡೂ ಒಂದೇ ಅಲ್ಲ. ಮೈಕಿನ ಮಶೀನು ಮಾತು ದೂರ ಮುಟ್ಟಲೆಂದು ಮಾಡಿದ್ದು, ಅದರಲ್ಲಿ ತಬಲಾದ ಬಾಯಾ ಗುಂಯ್ಗುಡುವುದನ್ನು ನಿರೀಕ್ಷಿಸಬಾರದು. ಆದರೆ ಒಳಗಿನ ವಾಲ್ವ್, ಟ್ರಾನ್ಸ್‌ಫಾರ್ಮರ್, ದಪ್ಪ ಪತ್ರಾ ಗಟ್ಟಿ ಕೆಲಸದವು. ಯಾವುದು ಅಪರೂಪದ್ದು, ಯಾವುದು ಸಾಮಾನ್ಯ ಎಂದು ಬಲ್ಲವರು ನೋಡಿ ಹೇಳಬೇಕು. ತಕ್ಕಡಿ ಹೇಳಲಾರದು.

ಸ್ವಿಚ್ ಒತ್ತಿದಿರೋ, ಕೆಟ್ಟಿತು!

ಅಟ್ಟದಿಂದ ಮಶೀನು ಇಳಿಸಿದ ಕೂಡಲೇ ಎಲ್ಲರೂ ಮಾಡುವ ತಪ್ಪು ಒಂದೇ. ಧೂಳು ಝಾಡಿಸಿ, ಪ್ಲಗ್ ಚುಚ್ಚಿ, "ನೋಡೂಣ, ನಡೀತೈತೇನು" ಎನ್ನುವುದು. ಮೂವತ್ತು ನಲವತ್ತು ವರ್ಷ ಮಲಗಿದ್ದ ಮಶೀನು ಅರ್ಧ ನಿಮಿಷದಲ್ಲಿ ಹೊಗೆ ಬಿಡಬಹುದು.

ಕಾರಣ ಕಂಡೆನ್ಸರ್. ಕರೆಂಟನ್ನು ಹಿಡಿದಿಟ್ಟು ಸಮ ಮಾಡಿ ಬಿಡುವ ದೊಡ್ಡ ಕಂಡೆನ್ಸರಿನ ಒಳಗಿನ ರಸ ವರ್ಷಗಟ್ಟಲೆ ಬಿದ್ದಿದ್ದರೆ ಒಣಗುತ್ತದೆ. ಒಣಗಿದ್ದಕ್ಕೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಶಾರ್ಟ್ ಆಗಿ ತನ್ನ ಜೊತೆಗೆ ರೆಕ್ಟಿಫಾಯರ್ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಇನ್ನೊಂದು, ಒಂದು ವಾಲ್ವಿನಿಂದ ಮುಂದಿನ ವಾಲ್ವಿಗೆ ದನಿ ದಾಟಿಸುವ ಸಣ್ಣ ಕಾಗದದ ಕಂಡೆನ್ಸರ್. ಇದು ಸೋರತೊಡಗಿದರೆ ಔಟ್‌ಪುಟ್ ವಾಲ್ವಿನ ಮೇಲೆ ಲಗಾಮಿಲ್ಲದಂತಾಗಿ ಅದರ ಒಳಗಿನ ತಗಡು ಕುಲುಮೆಯ ಕಬ್ಬಿಣದಂತೆ ಕೆಂಪಾಗುತ್ತದೆ. ನೋಡಲು ಚೆಂದ. ಆದರೆ ವಾಲ್ವಿನ ಆಯುಷ್ಯ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ದೊಡ್ಡ ಮಾತು ಜೀವದ್ದು. ಮನೆಯ ಕರೆಂಟು 230 ವೋಲ್ಟ್. ವಾಲ್ವ್ ಮಶೀನಿನ ಒಳಗೆ ಅದು 300, 400 ವೋಲ್ಟಿಗೂ ಮೇಲೇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಆ ಕರೆಂಟು ಕೂತಿರುತ್ತದೆ. ಮೊಬೈಲ್ ಬಿಚ್ಚಿದ ಅನುಭವದ ಮೇಲೆ ಇದಕ್ಕೆ ಕೈ ಹಾಕುವ ಹುಡುಗರು ಎಚ್ಚರದಿಂದಿರಬೇಕು. ಹಳೇ ಕೈಗಳು ಮೊದಲು ರೆಸಿಸ್ಟರ್ ಹಿಡಿದು ಕಂಡೆನ್ಸರ್ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿದ ಮೇಲೇ ಒಳಗೆ ಬೆರಳು ಇಡುತ್ತಾರೆ. ಮಶೀನು ಚಾಲೂ ಇದ್ದಾಗ ಅಳೆಯಬೇಕಾದರೆ ಒಂದು ಕೈ ಕಿಸೆಯಲ್ಲಿ! ಎರಡೂ ಕೈ ಒಳಗಿದ್ದು ಕರೆಂಟು ತಗುಲಿದರೆ ಅದು ಎದೆಯ ಮೂಲಕವೇ ಹಾಯುತ್ತದೆ.

ನಿಜವಾದ ರಿಪೇರಿ ಎಂದರೆ?

ಬಲ್ಲವರ ಕೆಲಸ ಸಾವಕಾಶದ್ದು. ಮೊದಲು ವಾಲ್ವ್‌ಗಳನ್ನೆಲ್ಲ ಕಳಚಿ, ಯಾವುದು ಯಾವ ಕುಣಿಯದು ಎಂದು ಗುರುತು ಹಾಕುತ್ತಾರೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಒಂದನ್ನೇ ಸೀರೀಸ್ ಬಲ್ಬಿನ ಮೂಲಕ ಪರೀಕ್ಷಿಸುತ್ತಾರೆ. ಈ ಸೀರೀಸ್ ಬೋರ್ಡ್ ರಿಪೇರಿಯವರ ಹಳೇ ಅಸ್ತ್ರ. ಮಶೀನಿಗೆ ಹೋಗುವ ಕರೆಂಟು ಒಂದು 60 ಅಥವಾ 100 ವಾಟಿನ ಬಲ್ಬನ್ನು ಹಾಯ್ದು ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ನಿಲ್ಲುತ್ತದೆ, ಮಶೀನು ಉಳಿಯುತ್ತದೆ. ಇದಕ್ಕೆ ಎಲ್‌ಇಡಿ ನಡೆಯುವುದಿಲ್ಲ, ಹಳೇ ತಂತಿಯ ಬಲ್ಬೇ ಆಗಬೇಕು.

ನಂತರ ಒಣಗಿದ, ಸೋರುವ ಕಂಡೆನ್ಸರ್ ಬದಲು. ಹಳೇ ಕಾರ್ಬನ್ ರೆಸಿಸ್ಟರುಗಳು ವಯಸ್ಸಾದಂತೆ ಬರೆದ ಅಳತೆಗಿಂತ ಮೇಲೇರಿರುತ್ತವೆ, ಅವನ್ನು ಒಂದೊಂದಾಗಿ ಅಳೆದು ಬದಲಿಸಬೇಕು. ವಾಲ್ವಿನ ಕುಣಿ, ವಾಲ್ಯೂಮಿನ ಗುಂಡಿ ಸ್ವಚ್ಛ ಮಾಡಬೇಕು. ಎರಡು ಪಿನ್ನಿನ ಹಳೇ ವಾಯರ್ ತೆಗೆದು ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕಬೇಕು. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಗುಂಡಿ ಇದ್ದರೆ ಅದು 110ರ ಮೇಲೆ ಇದೆಯೋ, 240ರ ಮೇಲೆ ಇದೆಯೋ ನೋಡಲೇಬೇಕು. ಪಂಪ್‌ಸೆಟ್ಟುಗಳು ನಿಂತ ಹೊತ್ತಿನಲ್ಲಿ ಲೈನಿನ ವೋಲ್ಟೇಜ್ ಏರುವ ಊರುಗಳಲ್ಲಿ ಈ ಒಂದು ಗುಂಡಿಯೇ ಮಶೀನಿನ ಹಣೆಬರಹ ತೀರ್ಮಾನಿಸುತ್ತದೆ.

ಕೊನೆಗೆ ಸ್ಪೀಕರ್ ಜೋಡಿಸಿಯೇ ಚಾಲೂ ಮಾಡಬೇಕು. ಸ್ಪೀಕರ್ ಇಲ್ಲದೆ ವಾಲ್ವ್ ಮಶೀನಿನ ದನಿ ಏರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೇ ಕಿಡಿ ಹಾರಿ ಹೋಗುವುದುಂಟು.

ಟ್ರಾನ್ಸಿಸ್ಟರ್ ಕಾಲದ ಮಶೀನುಗಳ ಕಾಟ ಬೇರೆ. 2ಎನ್3055ರಂಥ ಹಳೇ ಪವರ್ ಟ್ರಾನ್ಸಿಸ್ಟರಿನ ಹೆಸರು ಹೊತ್ತ ನಕಲಿ ಮಾಲು ಪೇಟೆಯಲ್ಲಿ ಉಂಟು. ಮೇಲೆ ಹೆಸರು ಅದೇ, ಒಳಗಿನ ಜೀವ ಸಣ್ಣದು. ಹಾಕಿದ ದಿನ ಹಾಡುತ್ತದೆ, ದನಿ ಏರಿಸಿದ ದಿನ ಸುಟ್ಟು ಸ್ಪೀಕರನ್ನೂ ಕೊಂಡೊಯ್ಯುತ್ತದೆ.

ವೈಂಡಿಂಗ್ ಅಂಗಡಿಯವರ ಗಮನಕ್ಕೆ

ಕೃಷ್ಣಾ ದಂಡೆಯ ಈ ತಾಲೂಕುಗಳಲ್ಲಿ ಪಂಪ್‌ಸೆಟ್ಟಿಗೆ ಬರವಿಲ್ಲ, ಹೀಗಾಗಿ ಮೋಟರ್ ವೈಂಡಿಂಗ್ ಅಂಗಡಿಗೂ ಬರವಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರ್ ಅಲ್ಲಿಗೆ ಒಯ್ದರಾಯಿತು ಎನ್ನುವವರಿದ್ದಾರೆ. ಕರೆಂಟಿನ ಟ್ರಾನ್ಸ್‌ಫಾರ್ಮರ್ ಆದರೆ ನುರಿತ ಕೈ ಸುತ್ತಿಕೊಟ್ಟೀತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಅದರಲ್ಲಿ ಮೊದಲ ಸುತ್ತು, ಎರಡನೇ ಸುತ್ತು ಎಂದು ಬೇರೆ ಬೇರೆ ಇರುವುದಿಲ್ಲ. ಚಪಾತಿಯ ಪದರಿನಂತೆ ಒಂದರ ಮೇಲೊಂದು ಹಂಚಿ ಸುತ್ತಿರುತ್ತಾರೆ. ಆ ಪದರು ತಪ್ಪಿಸಿ ಸುತ್ತಿದರೆ ಮಶೀನು ಹಾಡುತ್ತದೆ, ಆದರೆ ಸಾರಂಗಿಯ ಮೊನೆ, ತಾಳದ ಕಿಣಿಕಿಣಿ ಮಾಯ.

ಆದ್ದರಿಂದ ಬಿಚ್ಚುವಾಗಲೇ ಪ್ರತಿ ಪದರದ ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು, ನಡುವಿನ ಕಾಗದ ಎಲ್ಲೆಲ್ಲಿ ಇತ್ತೆಂದು ಬರೆದುಕೊಳ್ಳಬೇಕು. ಹತ್ತಿರದ ಮಿರಜದಲ್ಲಿ ತಂಬೂರಿ ಮಾಡುವವರನ್ನು ನೋಡಿದವರಿಗೆ ಈ ತಾಳ್ಮೆ ಏನೆಂದು ಗೊತ್ತು. ತಂತಿ ಬದಲಿಸುತ್ತಾರೆ, ಬಿರುಕು ತುಂಬುತ್ತಾರೆ, ಆದರೆ ಹಳೇ ಕುಂಬಳದ ಬುರುಡೆಯನ್ನು ಸುಮ್ಮನೆ ಎಸೆಯುವುದಿಲ್ಲ. ಆಂಪ್ಲಿಫಾಯರಿಗೆ ಆ ಬುರುಡೆ ಎಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

ಕಲಿತವರು ಕಡಿಮೆ, ಕಲಿಯುವವರು ಇಲ್ಲ

ಇಷ್ಟೆಲ್ಲ ಮಾಡುವವರು ಯಾರು? ವಾಲ್ವ್ ಕಾಲದಲ್ಲಿ ಕೆಲಸ ಕಲಿತವರಿಗೆ ಈಗ ಎಪ್ಪತ್ತರ ಮೇಲೆ ವಯಸ್ಸು. ಕಣ್ಣು ಮಂದ, ಕೈ ನಡುಕ. ಐಟಿಐಗಳಲ್ಲಿ ಒಂದು ಕಾಲಕ್ಕೆ ರೇಡಿಯೋ-ಟಿವಿ ಮೆಕ್ಯಾನಿಕ್ ಎಂಬ ಕೋರ್ಸೇ ಇತ್ತು. ಈಗಿನ ಹುಡುಗರಿಗೆ ವಾಲ್ವ್ ಎಂದರೆ ನೀರಿನ ಪೈಪಿನದು!

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಮೊಬೈಲಿನ ಡಿಸ್‌ಪ್ಲೇ ಬದಲಿಸಿದರೆ ಅರ್ಧ ಗಂಟೆಯಲ್ಲಿ ರೊಕ್ಕ ಕೈಗೆ. ಹಳೇ ಆಂಪ್ಲಿಫಾಯರ್ ಹಿಡಿದರೆ ವಾರ, ಎರಡು ವಾರ. ಸಾಮಾನಿಗೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೇಳಿ ಕಳಿಸಬೇಕು. ಕೊನೆಗೆ ಗಿರಾಕಿ ಬಂದು ಕೇಳುವ ಮಾತೇನು?

"ಇಷ್ಟ್ಯಾಕ್ರಿ ಕಾಕಾ? ಇಷ್ಟ ರೊಕ್ಕದಾಗ ಹೊಸ ಬ್ಲೂಟೂತ್ ಬರ್ತೈತಿ. ಸುಮ್ನ ಆವಾಜ ಬರೂ ಹಂಗ ಮಾಡಿಕೊಡ್ರಿ, ಸಾಕು."

ಈ ಒಂದು ಮಾತಿಗೇ ಎಷ್ಟೋ ಮಶೀನುಗಳ ಕಥೆ ಮುಗಿದಿದೆ. ರಿಪೇರಿಯವನು ಒಳಗಿನದನ್ನೆಲ್ಲ ಕಿತ್ತು, ಖಾಲಿ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಯುಎಸ್‌ಬಿ ಬೋರ್ಡ್ ಕೂಡಿಸಿ ಕೊಡುತ್ತಾನೆ. ಮುಂದೆ ಮರ್ಫಿಯ ಮುಖ, ಒಳಗೆ ಚೀನಾದ ಕರುಳು. ಆವಾಜು ಬರುತ್ತದೆ. ಕಿತ್ತ ಸಾಮಾನು ಮತ್ತೆ ಭಂಗಾರಕ್ಕೆ.

ಅಂಗಡಿಕಾರರು ಏನು ಮಾಡಬಹುದು?

ಹಳೇ ಮಶೀನು ಇದ್ದವರು ಮೊದಲು ಅದನ್ನು ಚಾಲೂ ಮಾಡದೆ ಇಳಿಸಿ, ಮುಂದಿನಿಂದ, ಹಿಂದಿನಿಂದ, ಮುಚ್ಚಳ ತೆಗೆಯದೆ ಮೊಬೈಲಿನಲ್ಲಿ ಫೋಟೋ ತೆಗೆಯಲಿ. ಕಂಪನಿ, ನಂಬರು ಬರೆದಿಡಲಿ. ಅಕ್ಷರಗಳನ್ನು ರಾಕೆಲ್, ಥಿನ್ನರ್ ಹಾಕಿ ಉಜ್ಜಬಾರದು. ಪೆಟ್ಟಿಗೆಯ ಮೇಲಿನ ಹೆಸರೂ ವಾಲ್ವಿನ ಮೇಲಿನ ಹೆಸರೂ ಅಳಿಸಿ ಹೋಗುತ್ತವೆ, ಹೆಸರಿನ ಜೊತೆಗೆ ಬೆಲೆಯೂ. ಬರೇ ವಾಲ್ವ್ ಕೇಳಿಕೊಂಡು ಬಂದವರಿಗೆ ಬಿಚ್ಚಿ ಕೊಡಬಾರದು. ಜೊತೆಗಿದ್ದರೆ ಮಶೀನು, ಬಿಡಿಸಿದರೆ ಎರಡೂ ಅರ್ಧ.

ರಿಪೇರಿಗೆ ಕೊಡುವಾಗ ಎರಡು ಮಾತು ಕೇಳಲಿ. ಸೀರೀಸ್ ಬಲ್ಬ್ ಮೇಲೆ ಮೊದಲು ನೋಡುತ್ತೀರಾ? ತೆಗೆದ ಹಳೇ ಸಾಮಾನು ವಾಪಸು ಕೊಡುತ್ತೀರಾ? ಎರಡಕ್ಕೂ ಹೌದು ಎನ್ನುವವನಿಗೆ ಚೌಕಾಶಿ ಮಾಡದೆ ಕೂಲಿ ಕೊಡಲಿ. ಮಾರುವವರು ಮಾರಲಿ, ಅದೇನು ತಪ್ಪಲ್ಲ. ಆದರೆ ಏನು ಮಾರುತ್ತಿದ್ದೇವೆಂದು ತಿಳಿದು ಮಾರಲಿ.

ಐಟಿಐ, ಪಾಲಿಟೆಕ್ನಿಕ್‌ಗಳವರು ವರ್ಷಕ್ಕೆ ಒಂದೆರಡು ದಿನ ಈ ಹಳೇ ಕೈಗಳನ್ನು ಕರೆಸಿ ಹುಡುಗರ ಮುಂದೆ ಒಂದು ಮಶೀನು ಬಿಚ್ಚಿಸಿದರೆ ಸರಕಾರದ ಬೊಕ್ಕಸವೇನೂ ಬರಿದಾಗದು. ಹತ್ತು ಹುಡುಗರಲ್ಲಿ ಇಬ್ಬರು ಕಲಿತರೂ ಐದು ತಾಲೂಕಿಗೆ ಸಾಕು. ಸಂಬಂಧಪಟ್ಟವರು ಇತ್ತ ಲಕ್ಷ್ಯ ಹಾಕುವರೇ?

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಬಾಳಿದ್ದು ಕಾಗವಾಡದ ಮಗ್ಗುಲಿನ ಮಿರಜದಲ್ಲಿ. 1937ರಲ್ಲಿ ತೀರಿಕೊಂಡ ಅವರ ದನಿ ಉಳಿದಿರುವುದು ಹಳೇ ತಟ್ಟೆಗಳಲ್ಲಿ. ಗಂಗೂಬಾಯಿ ಹಾನಗಲ್, ಅಮೀರಬಾಯಿ ಕರ್ನಾಟಕಿಯವರ ಎಳೆ ದನಿಯೂ ಅಂಥ ತಟ್ಟೆಗಳಲ್ಲೇ ಇದೆ. ತಟ್ಟೆ ಇಟ್ಟುಕೊಂಡ ಮನೆಗಳು ಈಗಲೂ ಉಂಟು. ಆ ತಟ್ಟೆಯನ್ನು ಆ ಕಾಲದ ಮಶೀನಿನಲ್ಲೇ ಕೇಳಬೇಕೆಂದರೆ ವಾಲ್ವ್ ಬಿಸಿಯಾಗುವತನಕ ಅರ್ಧ ನಿಮಿಷ ಕಾಯಬೇಕು.

ಭಂಗಾರದ ಗಾಡಿ ನಾಳೆ ಬೆಳಿಗ್ಗೆಯೂ ಓಣಿಗೆ ಬರುತ್ತದೆ. ಅಟ್ಟ ಹತ್ತಿ ನೋಡುವವರು ಇವತ್ತು ರಾತ್ರಿಯೇ ನೋಡಲಿ.